ನೀರು ಏರಿದ ಜಾಗ

ಚೈತ್ರಶ್ರೀ ಸೈಕಲ್ ಮುಟ್ಟಿ ಒಂದು ವರ್ಷವಾಗುತ್ತ ಬಂದಿತ್ತು. ದೀಪಾವಳಿ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದು ಧೂಳು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಎರಡೂ ಚಕ್ರಕ್ಕೆ ಗಾಳಿ ಹೊಡೆದಳು. ಗಂಡ ಸಿದ್ಧಲಿಂಗೇಶ ಬಾಗಿಲಲ್ಲೇ ನಿಂತಿದ್ದ.

"ಬಸ್ಸಿಗೆ ಹೋಗೋಣ ಚೈತ್ರ. ಸೊರಬದಿಂದ ಅಂಬ್ಲಿಗೊಳ ಅಂದ್ರೆ ಸುಮ್ನೆ ಅಲ್ಲ. ದಿಣ್ಣೆ ಇಳಿದ್ರೆ ಇನ್ನೊಂದು ದಿಣ್ಣೆ."

"ಬಸ್ಸಲ್ಲಿ ಯಾರಾದ್ರೂ ಎಲ್ಲಿಗೆ ಅಂತ ಕೇಳ್ತಾರೆ ರೀ. ಏನಂತ ಹೇಳ್ಲಿ?"

ಅವನು ಒಳಗೆ ಹೋಗಿ ತನ್ನ ಸೈಕಲ್ಲನ್ನೂ ಹೊರಗೆ ತಂದ.

ಏಪ್ರಿಲ್ಲಿನಲ್ಲಿ, ಎಂಟು ತಿಂಗಳು ತುಂಬಿದ ಹೆಣ್ಣು ಕೂಸು ಅವಳ ಹೊಟ್ಟೆಯಲ್ಲೇ ಸತ್ತಿತ್ತು. ಹೆರಿಗೆಯಾದ ಮೇಲೆ ಅವಳಿಗೆ ಎಚ್ಚರ ಬರುವಷ್ಟರಲ್ಲಿ ಕೂಸು ಮಣ್ಣು ಸೇರಿಯಾಗಿತ್ತು. ಗಂಡನ ಮನೆತನದಲ್ಲಿ ಅದೇ ಪದ್ಧತಿ. ಹೆಸರಿಡದ, ಕೊರಳಿಗೆ ಲಿಂಗ ಕಟ್ಟದ ಕೂಸಿನ ಜೊತೆ ತಂದೆ ಹೋಗುವಂತಿಲ್ಲ. ಹಿರಿಯರೊಬ್ಬರು ಒಯ್ದು ಮಣ್ಣು ಮಾಡಿ ಬರಬೇಕು. ಅಲ್ಲಿ ಕಲ್ಲು ನೆಡುವಂತಿಲ್ಲ. ಜಾಗ ತಾಯಿಗೆ ತಿಳಿಯಲೇಬಾರದು. ತಿಳಿದರೆ ಅವಳ ಜೀವ ಅಲ್ಲೇ ಸುತ್ತುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎನ್ನುತ್ತಾರೆ. ಒಯ್ದವರು ಅವನ ದೊಡ್ಡಪ್ಪ ಸದಾಶಿವಪ್ಪ, ಅಂಬ್ಲಿಗೊಳ ಜಲಾಶಯದ ಹತ್ತಿರದವರು.

ಅವಳು ಕೇಳಿದಾಗಲೆಲ್ಲ ಎಲ್ಲರೂ "ಮರ್ತುಬಿಡು" ಎಂದರು. ಕಳೆದ ವಾರ ಅವಳು ಗಂಡನಿಗೆ, "ನಂಗೆ ಬೇರೆ ಏನೂ ಬೇಡ. ಆ ಜಾಗ ಒಂದ್ಸಲ ನೋಡ್ಬೇಕು" ಎಂದಳು. ಅವನಿಗೂ ಜಾಗ ಗೊತ್ತಿರಲಿಲ್ಲ.

ಚೈತ್ರಶ್ರೀ ಶಿರಾಳಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಹೇಶ್ವರಪ್ಪನ ಮಗಳು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಕಲಿತವಳು, ಬಿಎಸ್ಸಿ ಮುಗಿಯುವವರೆಗೂ ತುಳಿದಳು. ಈಗ ಸೊರಬದಲ್ಲಿ ರಕ್ತ ಪರೀಕ್ಷೆಯ ಕೆಲಸ. ಮಂಗನ ಕಾಯಿಲೆಯ ಕಾಲದಲ್ಲಿ ಕ್ಯಾಸನೂರಿನ ಕಡೆಯಿಂದ ಬರುವ ರಕ್ತವೂ ಅವಳ ಕೈ ದಾಟಿಯೇ ಹೋಗಬೇಕು. ಹೆಸರು, ಊರು, ತಾರೀಖು ಬರೆಯದ ಒಂದು ತೊಟ್ಟು ರಕ್ತವೂ ಅವಳ ಮೇಜು ಬಿಟ್ಟು ಕದಲುತ್ತಿರಲಿಲ್ಲ. ಅಂಥವಳ ಮಗಳು ಹೆಸರಿಲ್ಲದೆ, ಊರು ತಿಳಿಯದೆ ಹೋಗಿದ್ದಳು.

ಗಂಡ ಹೈಸ್ಕೂಲ್ ಮೇಷ್ಟ್ರು. ಮದುವೆಯಾದ ಹೊಸದರಲ್ಲೇ ಅವನಿಗೂ ಸೈಕಲ್ಲಿನ ಹುಚ್ಚು ಹಿಡಿಸಿದ್ದಳು. ರಜೆ ಬಂದರೆ ಹಕ್ಕಿ ನೋಡಲು ಗುಡವಿ, ಏರು ಹತ್ತಲು ಚಂದ್ರಗುತ್ತಿ. ಪಕ್ಕದ ಮನೆಯ ರಾಜೇಶ್ವರಮ್ಮ, "ಎಂತ ಮೇಷ್ಟ್ರೇ, ಹೆಂಡ್ತಿಗೊಂದು ಸ್ಕೂಟರ್ ಕೊಡ್ಸಕ್ಕೂ ಆಗಲ್ವಾ?" ಎಂದು ನಗುತ್ತಿದ್ದರು. ಕೂಸು ಹೋದ ಮೇಲೆ ಅದೇ ಬಾಯಿ, "ನಾ ಮೊದ್ಲೇ ಹೇಳಿದ್ದೆ, ಹೆಂಗಸ್ರು ಸೈಕಲ್ ತುಳಿಬಾರ್ದು ಅಂತ" ಎಂದಿತು. ಬಸಿರೆಂದು ತಿಳಿದ ಕೆಲವೇ ವಾರಗಳಲ್ಲಿ ಅವಳು ಸೈಕಲ್ ಬಿಟ್ಟಿದ್ದಳು. ಆ ಮಾತಲ್ಲಿ ವಿಜ್ಞಾನವಿಲ್ಲ ಎಂಬುದೂ ಗೊತ್ತಿತ್ತು. ಆದರೂ ಅದು ಎದೆಯಲ್ಲಿ ನಾಟಿಕೊಂಡಿತ್ತು.

ಕಾಡಿನ ನಡುವಿನ ಮೊದಲ ಏರಿನಲ್ಲೇ ಅವಳ ತೊಡೆಗಳು ನಡುಗತೊಡಗಿದವು. ಸಿದ್ಧಲಿಂಗೇಶ ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಮೊದಲಾದರೆ ಇಳಿಜಾರಿನಲ್ಲಿ ಇಬ್ಬರೂ ಬ್ರೇಕ್ ಬಿಟ್ಟು, ಕೂಗುತ್ತ ಇಳಿಯುತ್ತಿದ್ದರು. ಇವತ್ತು ಬ್ರೇಕ್ ಹಿಡಿದೇ ಇಳಿದರು. ದಿಣ್ಣೆಯ ಆಚೆ ಭತ್ತದ ಗದ್ದೆ ಹಣ್ಣಾಗಿತ್ತು. ಅದು ಮುಗಿದರೆ ಜೋಳ, ಮತ್ತೆ ಕಾಡು, ಮತ್ತೆ ಏರು. ಒಂದು ಕಡೆ ಚಹಾಕ್ಕೆ ನಿಂತಾಗ ಅಂಗಡಿಯವನು, "ಸೈಕಲ್ ಟೂರಾ ಸರ್? ಒಳ್ಳೆ ಮಜಾ ಬಿಡ್ರಿ" ಎಂದ. ಸಿದ್ಧಲಿಂಗೇಶ ಹೌದೆಂದು ತಲೆಯಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನ ಮನೆ ಮುಟ್ಟಿದರು. ದೊಡ್ಡಮ್ಮ ಮಹಾದೇವಮ್ಮ ನೀರು ಕೊಟ್ಟು, "ಇದೇನವ್ವಾ, ಹೇಳದೆ ಕೇಳದೆ? ಬೆವರು ನೋಡು ಹೆಂಗ್ ಇಳೀತೈತೆ" ಎಂದು ಸೆರಗಿನಿಂದ ಅವಳ ಮುಖ ಒರೆಸಿದರು. ಬಂದ ಕಾರಣ ತಿಳಿದೊಡನೆ ಸೆರಗು ಅಲ್ಲೇ ನಿಂತಿತು.

ಸದಾಶಿವಪ್ಪ ಜಗಲಿಯ ಮೇಲೆ ಕೂತು ಕೇಳಿಸಿಕೊಂಡರು. "ಅದನ್ನ ಕೇಳಬಾರ್ದು ಕಣವ್ವಾ. ಒಳಗ್ ಹೋಗು, ರೊಟ್ಟಿ ತಿನ್ನು."

"ತಿಂತೀನಿ ಮಾವ. ಮೊದ್ಲು ಜಾಗ ತೋರ್ಸಿ."

"ಸಿದ್ದಾ, ನೀನಾದ್ರೂ ಹೇಳಬಾರ್ದೇನೋ? ಮೇಷ್ಟ್ರಂತೆ ಮೇಷ್ಟ್ರು!"

"ನಂಗೂ ನೋಡ್ಬೇಕು ದೊಡ್ಡಪ್ಪ."

ಮಹಾದೇವಮ್ಮ ಗಂಡನಿಗೆ, "ಇನ್ನೇನ್ ಪದ್ಧತಿ ಹಿಡ್ಕಂಡು ಕುಂತೀರಿ? ಆ ಹುಡುಗಿ ಮುಖ ನೋಡ್ರಿ ಒಂದ್ಸಲ" ಎಂದರು. ಸದಾಶಿವಪ್ಪ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಯಾರನ್ನೂ ಕರೆಯದೆ ನಡೆದರು. ಇಬ್ಬರೂ ಹಿಂಬಾಲಿಸಿದರು.

ಹೊಲ ಮುಗಿದಲ್ಲಿ ಜಲಾಶಯದ ನೀರು ಶುರುವಾಗುತ್ತಿತ್ತು. ಸದಾಶಿವಪ್ಪ ಅಲ್ಲಿ ನಿಂತು ನೀರಿನ ಕಡೆ ಕೈ ಮಾಡಿದರು. ಚೈತ್ರಶ್ರೀ ಆಚೆ ದಡದ ಗುಡ್ಡ ನೋಡಿದಳು.

"ಆ ಕಡೆನಾ ಮಾವ?"

"ಅಲ್ಲವ್ವಾ." ಅವರ ಕೈ ಕೆಳಗಿಳಿಯಲಿಲ್ಲ. "ಅಲ್ಲೇ. ನೀರಿನ ಕೆಳಗೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮುದುಕರೇ ಬಿಡಿಸಿ ಹೇಳಿದರು. "ಬೇಸಿಗೇಲಿ ನೀರು ದೂರ ಸರಿದಿತ್ತು. ಕಾಡಂಚಿಗೆ ಇಟ್ರೆ ನರಿ ಬಿಡಲ್ಲ. ಹೊಲದಾಗೆ ಇಟ್ರೆ ನಾಳೆ ನನ್ನ ಮಕ್ಕಳು ಹೊಲ ಮಾರಿದ್ರೆ? ಇದು ಯಾರ ಪಹಣಿಗೂ ಸೇರದ ಭೂಮಿ, ಮಣ್ಣು ಮೆತ್ತಗಿತ್ತು. ಮೂರು ವರ್ಷದಿಂದ ನೀರು ಇಲ್ಲಿಗಂಟ ಬಂದಿರ್ಲಿಲ್ಲವ್ವಾ. ಈ ವರ್ಷನೂ ಬರಲ್ಲ ಅಂದ್ಕಂಡೆ."

ಅವಳು ಬೂಟು ಬಿಚ್ಚದೆ ನೀರಿಗಿಳಿದಳು. ಮೊಣಕಾಲು ಮುಳುಗಿದಾಗ ಸಿದ್ಧಲಿಂಗೇಶ ಬಂದು ತೋಳು ಹಿಡಿದ. ಅವಳು ಕೊಸರಲಿಲ್ಲ. ತಿರುಗದೆಯೇ ಕೇಳಿದಳು:

"ನೀವು ನೋಡಿದ್ರಾ ಅವಳನ್ನ?"

"ಕೈಲಿ ಹಿಡ್ಕೊಂಡಿದ್ದೆ. ಬಟ್ಟೆ ತೆರೀಲಿಲ್ಲ. ಆಗ್ಲಿಲ್ಲ ಚೈತ್ರ."

"ನಾ ನೋಡೀನಿ," ಎಂದರು ಸದಾಶಿವಪ್ಪ ದಡದಿಂದ. "ತಲೆ ತುಂಬ ಕೂದ್ಲಿತ್ತು. ಹಣೆ ನಿಂದೇ. ಗದ್ದ ಮಾತ್ರ ಈ ಸಿದ್ದಂದು. ಹಣೆಗೆ ಈಬತ್ತಿ ಹಚ್ಚಿ, ಎಡಗೈಲಿ ಲಿಂಗ ಇಟ್ಟೆ. ಇಡೋ ಪದ್ಧತಿ ಇಲ್ಲ, ಆದ್ರೂ ಇಟ್ಟೆ. ಅಷ್ಟು ಸಣ್ಣ ಕೈ... ಲಿಂಗ ಹಿಡೀಲಿಲ್ಲ. ದಾರ ಸುತ್ತಿ ಕಟ್ಟಿದೆ."

ಚೈತ್ರಶ್ರೀ ತನ್ನ ಎಡ ಅಂಗೈ ನೋಡಿಕೊಂಡಳು. ಆಮೇಲೆ ಅತ್ತಳು, ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಸಿದ್ಧಲಿಂಗೇಶ ತೋಳು ಹಿಡಿದೇ ನಿಂತಿದ್ದ. ನೀರು ಇಬ್ಬರ ಕಾಲ ಸುತ್ತ ಕದಲದೆ ನಿಂತಿತ್ತು.

ದಡಕ್ಕೆ ಬಂದ ಮೇಲೆ ಅವನು, "ಬೇಸಿಗೇಲಿ ನೀರು ಇಳಿಯುತ್ತೆ. ಬರೋಣ" ಎಂದ.

"ನೀರು ಇಳಿದ್ರೆ ಅಲ್ಲಿ ಯಾರಾದ್ರೂ ಉಳ್ತಾರೆ ರೀ. ಸೌತೆ ಹಾಕ್ತಾರೆ."

"ಪಹಣಿ ಇಲ್ದಿದ್ರೂ ಆ ತುಂಡು ಉಳ್ತಿದ್ದೋನು ನಾನೇ," ಎಂದರು ಸದಾಶಿವಪ್ಪ. "ಇನ್ ಮೇಲೆ ಉಳಲ್ಲ. ಆದ್ರೆ ಗುರುತು ಸಿಗುತ್ತೋ ಇಲ್ವೋ ಹೇಳಕ್ಕಾಗಲ್ಲವ್ವಾ. ಹೂಳು ಕೂತಿರ್ತೈತೆ."

ರೊಟ್ಟಿ ತಿಂದರು. ಮಹಾದೇವಮ್ಮ ಅವಳಿಗೆ ಅರಿಸಿನ ಕುಂಕುಮ ಕೊಟ್ಟು, ಬಾಗಿಲಿಗೆ ಬಂದು ನಿಂತರು. ಊರಾಚೆಯ ಮೊದಲ ಏರಿಗೇ ಚೈತ್ರಶ್ರೀ ಇಳಿದು ಸೈಕಲ್ ತಳ್ಳತೊಡಗಿದಳು, ಸಿದ್ಧಲಿಂಗೇಶನೂ ಇಳಿದ. ಎಡಗಡೆ ಮರಗಳ ಸಂದಿಯಲ್ಲಿ ನೀರು ಕಾಣುತ್ತಲೇ ಇತ್ತು. ಏರು ಮುಗಿಯಿತು, ಮುಂದೆ ಉದ್ದದ ಇಳಿಜಾರಿತ್ತು. ನೀರು ಕಾಣುವಷ್ಟು ದೂರ ಇಬ್ಬರೂ ಸೈಕಲ್ ಹತ್ತಲಿಲ್ಲ.