ಭಾನುವಾರದ ಕೈಗುಣ

ಭಾನುವಾರ ಈ ಗಂಡ ಬಾಳೆಕಾಯಿ ಕರಿಯಲು ನಿಂತನೆಂದರೆ ಅಡುಗೆಮನೆಗೆ ಗ್ರಹಣ ಹಿಡಿದಂತೆ. ಸಿಪ್ಪೆ ತೆಗೆಯುವವಳು ಹೆಂಡತಿ, ಬಾಣಲೆ ತಿಕ್ಕುವವಳೂ ಹೆಂಡತಿ. ಬಾಯಿ ಮಾತ್ರ ಇವನದು. "ಒಂದ್ಸಲ ಕರಿದು, ಲೋಟದ ತಳದಿಂದ ಅಮುಕಿ, ಮತ್ತೆ ಕರೀಬೇಕು ಕಣೇ. ಇದಕ್ಕೆಲ್ಲ ಕೈಗುಣ ಬೇಕು" ಎಂದು ವಾರವಾರವೂ ಅದೇ ಪುರಾಣ. ಅಮುಕಿದ್ದರಲ್ಲಿ ಅರ್ಧ ಪುಡಿಯಾದರೆ ತಪ್ಪು ಬಾಳೆಕಾಯಿಯದು. ಅದ್ದಿಕೊಳ್ಳುವ ಬೆಳ್ಳುಳ್ಳಿ ಸಾಸನ್ನು ಮಾತ್ರ ಮೊದಲು ಅವಳ ಬಾಯಿಗೇ ಹಿಡಿಯುತ್ತಾನೆ. ಹೋದ ವರ್ಷ ಜ್ವರ ಬಂದು ಹೋದಮೇಲೆ ಇವನ ನಾಲಿಗೆಗೆ ರುಚಿಯೇ ತಿಳಿಯುವುದಿಲ್ಲ. ಅದು ಅವಳಿಗೆ ಗೊತ್ತಿಲ್ಲವೆಂದುಕೊಂಡಿದ್ದಾನೆ. ಉಪ್ಪು ಸಾಲದಿದ್ದರೆ ಅವಳು ಹುಬ್ಬನ್ನಷ್ಟೇ ಏರಿಸುತ್ತಾಳೆ. ಇವನು ಚಿಟಿಕೆ ಉಪ್ಪು ಉದುರಿಸಿ, "ನಾನೂ ಅದನ್ನೇ ಅಂದ್ಕೊಂಡೆ" ಅನ್ನುತ್ತಾನೆ.