ಸುಕ್ಕು ಅಂಗಿಯ ಸಾಕ್ಷಿ

ಬೆಳಗಿನ ಐದೂವರೆ. ಪಾಸ್ತೋ ಊರಿನ ಹಳೆಯ ಮನೆಯೊಂದರ ಹಿತ್ತಲಲ್ಲಿ ಎದುವಿನಾ ತುಲ್ಕಾನ್ ಒದ್ದೆ ಬೆರಳನ್ನು ಇಸ್ತ್ರಿ ಪೆಟ್ಟಿಗೆಗೆ ತಾಗಿಸಿ ಚುರ್ ಎನ್ನಿಸುತ್ತಾರೆ. ಚಿತ್ರೀಕರಣದ ತಂಡ ಇನ್ನೂ ಎದ್ದಿಲ್ಲ. ಇವರಿಗೆ ಅರವತ್ತೆರಡು ವರ್ಷ. ನಟನಟಿಯರ ಬಟ್ಟೆಗೆ ಇಸ್ತ್ರಿ ಇವರದೇ: ದಿನಕ್ಕೆ ಎಪ್ಪತ್ತು, ನಡುನಡುವೆ ಬಿಸಿ ಬೆಲ್ಲದ ನೀರು.

ಸಿನಿಮಾ ಔದೆಲೋ ಎಂಬವನ ಕಥೆ. ದುಡ್ಡು ಎರಡರಷ್ಟು ಮಾಡಿಕೊಡುತ್ತೇನೆಂದು ಹದಿನೇಳು ವರ್ಷದ ಹಿಂದೆ ಊರಿಗೇ ಟೋಪಿ ಹಾಕಿ ಪರಾರಿಯಾದವನು. ಅವನ ಮನೆಯಲ್ಲಿ ಒಂಬತ್ತು ವರ್ಷ ಇಸ್ತ್ರಿ ಮಾಡಿದವರು ಇದೇ ಎದುವಿನಾ. ತಂಡದಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

"ಕೇಳಿದ್ರೆ ಹೇಳ್ತಿದ್ದೆ. ಇಸ್ತ್ರಿಯವಳನ್ನ ಯಾರು ಕೇಳ್ತಾರೆ?" ಎಂದು ನಗುತ್ತಾರೆ.

ಇವರ ಉಳಿತಾಯವೂ ಅವನ ಜತೆಗೇ ಹೋಯಿತು. ಆದರೂ ಅವನ ಹೆಂಡತಿ ಮಿರ್ತಾ ಇವರಿಗೆ ಇಂದಿಗೂ ಅಮ್ಮಾವ್ರೇ. "ಮನೆಗೆ ಬೀಗ ಬೀಳೋ ದಿನ, ಸಂಬಳ ಕೊಡೋಕೆ ಏನೂ ಉಳಿದಿಲ್ಲ ಅಂತ ಅತ್ತು, ಈ ಪೆಟ್ಟಿಗೇನ ನನ್ನ ಕೈಗಿಟ್ರು. ಮೂರು ಸಲ ವೈರ್ ಹಾಕ್ಸಿದೀನಿ. ಇದ್ರಲ್ಲೇ ಇಬ್ರು ಮಕ್ಳನ್ನ ಓದಿಸ್ದೆ."

ಗಂಡನ ಮೋಸದಲ್ಲಿ ಮಿರ್ತಾಗೂ ಪಾಲಿತ್ತೆಂದು ಊರು ಈಗಲೂ ಮುಖ ತಿರುಗಿಸುತ್ತದೆ. ಹಾಗೆ ಪತ್ರಿಕೆಯಲ್ಲಿ ಬರೆದವರಲ್ಲಿ ನಾನೂ ಒಬ್ಬ. ಚಿತ್ರಕಥೆಯೂ ಅದನ್ನೇ ನಂಬಿತ್ತು: ಪರಾರಿಯಾಗುವ ಗಂಡನನ್ನು ಹೆಂಡತಿ ಬಾಗಿಲಲ್ಲಿ ನಿಂತು ಬೀಳ್ಕೊಡುತ್ತಾಳೆ. ಕಳೆದ ಮಂಗಳವಾರ ಆ ದೃಶ್ಯಕ್ಕೆ ಎದುವಿನಾ ಮುದ್ದೆಯಾದ ಅಂಗಿ ಕೊಟ್ಟರು. ನಿರ್ದೇಶಕ ಸೆಗುಂದೋ ರೇಗಿದರು, ಗೌರವದ 'ದೋನ್ಯಾ' ಮಾತ್ರ ಬಿಡದೆ.

"ನಿದ್ದೆಗಣ್ಣಲ್ಲಿದೀರಾ ದೋನ್ಯಾ ಎದುವಿನಾ?"

"ಇಲ್ಲ ದೋನ್ ಸೆಗುಂದೋ. ಅವತ್ತು ಅವನು ಹಾಕ್ಕೊಂಡು ಹೋಗಿದ್ದು ನನ್ನ ಬುಟ್ಟೀಲಿದ್ದ, ಒಗೆದು ಇನ್ನೂ ಇಸ್ತ್ರಿ ಆಗದ ಅಂಗಿ. ಮಾರನೇ ಬೆಳಿಗ್ಗೆ ಅದೊಂದೇ ಕಾಣೆ. ಕಪಾಟು ತೆಗೆದ್ರೆ ಅಮ್ಮಾವ್ರಿಗೆ ಎಚ್ಚರ ಆಗ್ತಿತ್ತಲ್ಲ. ಗಂಡ ದೂರ ಹೊರಟಿದಾನೆ ಅಂತ ಗೊತ್ತಿದ್ರೆ, ನಮ್ಮೂರಲ್ಲಿ ಯಾವ ಹೆಂಗಸು ಸುಕ್ಕು ಅಂಗೀಲಿ ಹೊಸ್ತಿಲು ದಾಟೋಕೆ ಬಿಡ್ತಾಳೆ? ನಿಮ್ಮಮ್ಮ ಬಿಟ್ಟಿದ್ರಾ?"

ಸೆಗುಂದೋ ಇದೇ ಊರಿನವರು. ಚಿತ್ರಕಥೆಯ ಹಾಳೆ ತರಿಸಿದರು. ಮಧ್ಯಾಹ್ನದ ಹೊತ್ತಿಗೆ ದೃಶ್ಯ ಬದಲಾಗಿತ್ತು. ಈಗ ಗಂಡ ಬುಟ್ಟಿಯಿಂದ ಅಂಗಿ ಎಳೆದುಕೊಂಡು ಕಳ್ಳಹೆಜ್ಜೆಯಲ್ಲಿ ಹೋಗುತ್ತಾನೆ, ಹೆಂಡತಿ ಒಳಗೆ ನಿದ್ದೆಯಲ್ಲಿದ್ದಾಳೆ. ನಾವೆಲ್ಲ ಕಾಗದಪತ್ರ ಹುಡುಕುತ್ತ ಕೂತಿದ್ದೆವು. ಬಟ್ಟೆಯ ಬುಟ್ಟಿಯನ್ನು ಯಾರೂ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಮ್ಮಾವ್ರ ಋಣ ತೀರಿತೇ ಎಂದು ಕೇಳುತ್ತೇನೆ.

"ತೀರೋದೆಲ್ಲಿ ಬಂತು. ಸಿನಿಮಾ ಬಂದ ದಿನ ಅವ್ರು ಎಲ್ರ ಮುಂದೆ ಕೂತು ನೋಡ್ಬೇಕು. ಇನ್ನೂ ಹೂಂ ಅಂದಿಲ್ಲ."

ಒಪ್ಪದಿದ್ದರೆ?

ಎದುವಿನಾ ಮುಂದಿನ ಅಂಗಿಯನ್ನು ಹಲಗೆಯ ಮೇಲೆ ಹರವುತ್ತಾರೆ. "ನಿನ್ನೆ ಅಮ್ಮಾವ್ರು ಒಂದು ಒಳ್ಳೆ ಉಡುಪು ಕಳಿಸಿದಾರೆ, ಇಸ್ತ್ರಿಗೆ."