ಮುರಿಯದೆ ನುಂಗಬೇಕಾದ ಮಾತ್ರೆ

ಬೆಳಕು ಈಗಷ್ಟೇ ಹರಿಯುತ್ತಿದೆ. ಔಷಧ ಕಾರ್ಖಾನೆಯ ಒಳಕೋಣೆಯಲ್ಲಿ ತಲೆ, ಮೂಗು, ಬಾಯಿ ಮುಚ್ಚಿಕೊಂಡ ಹೆಂಗಸೊಬ್ಬರು ಮಾತ್ರೆ ಒತ್ತುವ ಯಂತ್ರದ ಪಕ್ಕ ಕತ್ತು ವಾಲಿಸಿ ನಿಂತಿದ್ದಾರೆ. ಬಿಳಿ ಮಾತ್ರೆಗಳು ಪಟಪಟನೆ ತಟ್ಟೆಗೆ ಬೀಳುತ್ತಿವೆ. ಇದ್ದಕ್ಕಿದ್ದಂತೆ ಆಕೆ ಯಂತ್ರ ನಿಲ್ಲಿಸುತ್ತಾರೆ.

"ಸದ್ದು ಗಡಸಾಯ್ತು. ಒತ್ತಡ ಒಂಚೂರು ಇಳಿಸ್ರಪ್ಪಾ."

ಅಳೆದು ನೋಡಿದರೆ ಮಾತ್ರೆ ಕೂದಲೆಳೆಯಷ್ಟು ಹೆಚ್ಚು ಗಟ್ಟಿ. ಯಾರಿಗೂ ಆಶ್ಚರ್ಯವಿಲ್ಲ. ಇವರಿಗೆ ಇಲ್ಲಿ 'ಕಿವಿಯಕ್ಕ' ಎಂದೇ ಹೆಸರು. ನೆಲ ಒರೆಸಲು ಬಂದವರು, ಯಂತ್ರದ ಸದ್ದಿಗೆ ಕಿವಿಗೊಟ್ಟೇ ಕೆಲಸ ಕಲಿತು, ಈಗ ಒಂದು ಪಾಳಿಗೆ ಲಕ್ಷದ ಮೇಲೆ ಮಾತ್ರೆ ತೆಗೆಯುತ್ತಾರೆ. "ಮನೇಲಿ ನನ್ನ ಮಾತೊಂದು ಬಿಟ್ಟು ಎಲ್ಲಾ ಕೇಳ್ಸತ್ತೆ ಇವ್ಳಿಗೆ" ಎನ್ನುವುದು ಬಸ್ ಓಡಿಸುವ ಗಂಡನ ಹಳೆಯ ತಕರಾರು.

ಇಂದಿನ ಮಾತ್ರೆ ಹೃದ್ರೋಗದವರದು. ಒಂದು ನುಂಗಿದರೆ ಇಡೀ ದಿನ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುತ್ತದೆ. ಹೋಗುವುದು ಗಡಿಯಾಚೆಯ ದೇಶಕ್ಕೆ. ಕಿವಿಯಕ್ಕನ ಒಡಹುಟ್ಟಿದ ಅಕ್ಕ ಮದುವೆಯಾಗಿ ಹೋದದ್ದೂ ಅಲ್ಲಿಗೇ, ಆಕೆಯ ಜೀವ ನಿಂತಿರುವುದೂ ಇದೇ ಮಾತ್ರೆಯ ಮೇಲೆ.

ನಡುವೆ ಈ ಮಾತ್ರೆಯ ತಯಾರಿಕೆ ನಿಂತೇಹೋಗಿತ್ತು. ಆ ದೇಶ ಸುತ್ತಲಿನ ದೊಡ್ಡ ದೇಶಗಳ ಜೊತೆ ಪ್ರಾದೇಶಿಕ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಮೀನಿಗೆ, ಬಟ್ಟೆಗೆ ಸುಂಕ ಇಳಿಯಿತು. ಬದಲಿಗೆ ಪೇಟೆಂಟ್ ಕಾನೂನನ್ನು ದೊಡ್ಡವರ ಅಳತೆಗೆ ಹಿಗ್ಗಿಸಬೇಕಾಯಿತು. ಔಷಧ ಕಂಡುಹಿಡಿದ ಮೂಲ ಕಂಪನಿಯ ಹಕ್ಕಿಗೆ ಇನ್ನಷ್ಟು ವರ್ಷ ಆಯುಷ್ಯ ಬಂತು, ಕಿವಿಯಕ್ಕನ ಅಗ್ಗದ ಮಾತ್ರೆಗೆ ಗಡಿ ಮುಚ್ಚಿತು.

"ಹೊಸ ಔಷಧ ಕಂಡುಹಿಡಿದೋರಿಗೆ ದುಡ್ಡು ಸಿಗ್ಬೇಕು, ನ್ಯಾಯಾನೇ. ಆದ್ರೆ ಅಷ್ಟು ದುಡ್ಡು ನಮ್ಮಕ್ಕ ಎಲ್ಲಿಂದ ತರ್ಬೇಕು?" ಎಂದು ಕಿವಿಯಕ್ಕ ಕೇಳುತ್ತಾರೆ.

ಗಡಿಯಾಚೆಯ ಅಕ್ಕ ತನಗೆ ತೋಚಿದ ದಾರಿ ಹಿಡಿದರು. ಉಳಿದ ಮಾತ್ರೆಗಳನ್ನು ಅರ್ಧರ್ಧ ಮುರಿದು ನುಂಗತೊಡಗಿದರು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು. ವಿಷಯ ಫೋನಿನಲ್ಲಿ ತಂಗಿ ಕಿವಿಯಕ್ಕನಿಗೆ ತಿಳಿಯಿತು.

"ಅಯ್ಯೋ, ಅದನ್ನ ಮುರೀಬಾರ್ದು ಕಣೇ! ಮುರಿದ್ರೆ ನಿಧಾನಕ್ಕೆ ಕರಗೋ ಗುಣಾನೇ ಹೋಗತ್ತೆ, ಔಷಧ ಒಟ್ಟಿಗೇ ಮೈಗೆ ಏರತ್ತೆ. ಆಮೇಲೆ ದಿನವಿಡೀ ಏನೂ ಇರಲ್ಲ!" ಎಂದು ಕೂಗಾಡಿದರು.

ಅಕ್ಕ ಆ ಬೈಗುಳವನ್ನು ಹಾಗೇ ಒಯ್ದು ಆಸ್ಪತ್ರೆಯ ಸಾಲಿನಲ್ಲಿ ಹಂಚಿದರು. ನೋಡಿದರೆ ಸಾಲಿನಲ್ಲಿ ಅರ್ಧಕ್ಕರ್ಧ ಜನ ಮುರಿದೇ ನುಂಗುತ್ತಿದ್ದರು! ವೈದ್ಯರು ಗಾಬರಿಯಾದರು. ರೋಗಿಗಳನ್ನು ಜೊತೆಗೆ ಕರೆದುಕೊಂಡು ಸರ್ಕಾರದ ಬಾಗಿಲು ತಟ್ಟಿದರು. ಒಪ್ಪಂದದಲ್ಲೇ ಒಂದು ಕಿಂಡಿಯಿತ್ತು: ಜನರ ಪ್ರಾಣಕ್ಕೆ ಕುತ್ತು ಬಂದಾಗ ಪೇಟೆಂಟ್ ಇದ್ದರೂ ಸರ್ಕಾರ ಅಗ್ಗದ ಔಷಧ ತರಿಸಬಹುದು, ಮೂಲ ಕಂಪನಿಗೆ ಒಂದು ಪಾಲು ಕೊಟ್ಟರಾಯಿತು. ತಿಂಗಳುಗಟ್ಟಲೆ ಓಡಾಡಿದ ಮೇಲೆ ಆ ಕಿಂಡಿ ತೆರೆಯಿತು. ಅಷ್ಟರೊಳಗೆ ದುಬಾರಿ ಮಾತ್ರೆ ಕೊಳ್ಳಲು ಅಕ್ಕನ ಬಳೆಗಳು ಔಷಧದಂಗಡಿಯ ಪಾಲಾಗಿದ್ದವು.

ಹೋದ ತಿಂಗಳಿಂದ ಯಂತ್ರ ಮತ್ತೆ ಓಡುತ್ತಿದೆ. ಒಪ್ಪಂದಕ್ಕೆ ಸಹಿ ಹಾಕಿದವರ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಕಿವಿಯಕ್ಕನ ಹೆಸರು ಮಾತ್ರೆಯ ಡಬ್ಬಿಯ ಮೇಲೂ ಇಲ್ಲ. ಅದರ ಬೇಸರವಿದೆಯೇ ಎಂದರೆ ನಕ್ಕುಬಿಡುತ್ತಾರೆ.

ಚಹಾ ಬಿಡುವಿನಲ್ಲಿ ಅಕ್ಕನ ಫೋನು, ಹೊಸ ಡಬ್ಬಿ ಕೈ ಸೇರಿದೆ. "ಇದ್ರಲ್ಲಿ ನೀನು ಮಾಡಿದ್ದು ಯಾವ್ದೇ?"

"ಎಲ್ಲಾ ನಂದೇ ಅಂದ್ಕೋ."

ಅಷ್ಟು ಹೇಳಿ ತಂಗಿ ಚಹಾದ ಲೋಟ ಕೆಳಗಿಡುತ್ತಾರೆ. ಮತ್ತೆ ಗದರುತ್ತಾರೆ: "ಮುರೀದೆ ನುಂಗು. ನಂಗೆ ಅಷ್ಟೇ ಸಾಕು."